ಗಂಡನ ಪಾಲಿನ ಕುರಿ

೬ ಜೂನ್ ೧೯೯೯, ಬೆಳಿಗ್ಗೆ
ಕೂಸು ಎರಡು ಗುಟುಕು ಹಾಲು ಕುಡಿದು ಮತ್ತೆ ಬಿಟ್ಟಳು. ತುಟಿ ನೀಲಿ. ಉಗುರೂ ಹಂಗೇ. ಅತ್ತೆ ತಿಪ್ಪಕ್ಕ ಬಾಗಿಲಲ್ಲೇ ನಿಂತು ನೋಡಿದ್ಲು, ಒಳಗೆ ಬರಲಿಲ್ಲ. ಮಗ ಜಾತಿ ಬಿಟ್ಟು ನೇಕಾರರ ಹುಡುಗೀನ, ನನ್ನ, ತಂದಿದ್ದಕ್ಕೆ ದೇವರು ಶಿಕ್ಷೆಗೆ ಕೊಟ್ಟ ಕೂಸಂತೆ. ಪಕ್ಕದ ಮನೆಗೂ ಕೇಳೋ ಹಂಗೆ ಹೇಳಿದ್ಲು.
ಮೊಳಕಾಲ್ಮೂರಿಗೆ, ಅವ್ವನ ಹತ್ರ ಹೋಗ್ಬೇಕು ಅನ್ನಿಸ್ತು. ಅಲ್ಲಿ ಅಪ್ಪ ಬಾಗಿಲು ತೆಗೆಯಲ್ಲ. ಮದುವೆಯಾದಾಗಿಂದ.

೮ ಜೂನ್
ಚಳ್ಳಕೆರೆ ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ತುಂಬ ಹೊತ್ತು ಕೇಳಿದ್ರು. ಬೆಂಗಳೂರಿಗೆ ಹೋಗಿ, ತಡ ಮಾಡಬೇಡಿ ಅಂದ್ರು. ನಮ್ಮೂರು ದೊಡ್ಡಉಳ್ಳಾರ್ತಿ ಬರೋ ತನಕ ಇವರು, ನನ್ನ ಗಂಡ, ಬಸ್ಸಿನ ಕಿಟಕಿ ಕಡೆ ಮುಖ ಮಾಡಿ ಕೂತಿದ್ರು.

೧೩ ಜೂನ್, ಬೆಂಗಳೂರು
ಎದೆಗೆ ಎಕೋ ಸ್ಕ್ಯಾನ್ ಮಾಡಿದ್ರು. ಹಾರ್ಟಲ್ಲಿ ತೂತು. ಶ್ವಾಸಕೋಶಕ್ಕೆ ಹೋಗೋ ನಾಳ ಇಕ್ಕಟ್ಟು. ಈಗೊಂದು ಆಪರೇಷನ್, ದೊಡ್ಡೋಳಾದ ಮೇಲೆ ಇನ್ನೊಂದು. ಅರ್ಧ ಖರ್ಚು ಆಸ್ಪತ್ರೆ ಟ್ರಸ್ಟಿನೋರು ಕೊಡ್ತಾರಂತೆ. ಉಳಿದರ್ಧಕ್ಕೆ ಅಣ್ಣನ ಹಿಂಡಲ್ಲಿರೋ ಇವರ ಪಾಲಿನ ಕುರಿ ಮಾರಿದ್ರೆ ಸಾಕು. ಹೇಳಿದೆ. ಅಣ್ಣನ್ನ ಕೇಳ್ಬೇಕು ಅಂದ್ರು.

೧೫ ಜೂನ್, ಸಂಜೆ
ಕೇಳಿದ್ರು. ತಲೆ ತಗ್ಗಿಸ್ಕೊಂಡು, ಭಿಕ್ಷೆ ಕೇಳೋ ಹಂಗೆ. ಭಾವ ಓಬಯ್ಯ ಬೀಡಿ ಹಚ್ಚಿ, ಹೆಣ್ಣು ಕೂಸಿಗೋಸ್ಕರ ಹಿಂಡು ಒಡೆಯಲ್ಲ ಅಂದ. ಅತ್ತೆ ಸಮಾಧಾನ ಬೇರೆ —
"ನಾನು ಮೂರು ಹೂಳಿದೀನಿ ಕಣೇ. ಬದುಕಿಲ್ವಾ? ನೀನೂ ಬದುಕ್ತೀಯ."
ಹೇಳುವಾಗ ಕಣ್ಣು ಒಣಗಿತ್ತು. ಅದಕ್ಕೇ ಇನ್ನೂ ಸಿಟ್ಟು ಬಂತು.

೧೯ ಜೂನ್
ಅಳ್ತಾ ಅಳ್ತಾ ಕೂಸಿನ ಉಸಿರೇ ನಿಂತಂಗಾಯ್ತು. ಡಾಕ್ಟರು ಹೇಳಿಕೊಟ್ಟಂಗೆ ಮೊಣಕಾಲು ಎದೆಗೆ ಒತ್ತಿ ಹಿಡಿದೆ. ಬಂತು ಉಸಿರು... ಇವರು ಹಿತ್ತಲಿಗೆ ಹೋಗಿದ್ರು. ನೋಡೋಕಾಗಲ್ಲವಂತೆ.
ಇನ್ನು ಯಾರನ್ನೂ ಕೇಳಲ್ಲ.

೨೧ ಜೂನ್
ಚಳ್ಳಕೆರೆಯಿಂದ ಕುರಿ ವ್ಯಾಪಾರಿ ಕಾಟಪ್ಪನ್ನ ಟೆಂಪೋ ಸಮೇತ ಕರ್ಕೊಂಡು ಬಂದೆ. ಸೀದಾ ಹಿಂಡು ಮೇಯೋ ಹುಲ್ಲುಗಾವಲಿಗೆ, ಕಾವಲ್‌ಗೆ. ಕಿವಿ ಸೀಳಿರೋ ಕುರಿ ಇವರವು, ಊರಿಗೆಲ್ಲ ಗೊತ್ತು. ಭಾವ ದೊಣ್ಣೆ ಅಡ್ಡ ಹಿಡಿದ. ಜಗಳದ ಮಾಲು ಬ್ಯಾಡ ಅಂತ ಕಾಟಪ್ಪ ಹಿಂದೆ ಸರಿದ.
ಕೂಸಿನ್ನ ಭಾವನ ಕಾಲ ಮುಂದೆ ಹುಲ್ಲಿನ ಮೇಲೆ ಮಲಗಿಸಿದೆ.
"ನೀನೇ ಹೂಳು. ಗುದ್ಲಿ ತರಿಸ್ಲಾ?"
ಕೂಸು ಅತ್ತಳು. ಅಳ್ತಾ ನೀಲಿಗೆ ತಿರುಗಿದಳು. ಭಾವ ನೋಡಿದ — ಮೊದಲ ಸಲ ಇರಬೇಕು. ದೊಣ್ಣೆ ಇಳಿಸಿದ.
"ಎತ್ಕೊಳೇ" ಅಂದು ಅತ್ತ ತಿರುಗಿದ. ಅಷ್ಟೇ.
ಇವರು ದೂರದಲ್ಲಿ ಜಾಲಿ ಮರದ ಕೆಳಗೆ ನಿಂತಿದ್ರು. ಒಂದು ಕುರೀನೂ ಹಿಡಿಯೋಕೆ ಬರಲಿಲ್ಲ. ಕೂಸಿನ್ನ ಬೆನ್ನಿಗೆ ಕಟ್ಕೊಂಡು ನಾನೂ ಕಾಟಪ್ಪನೂ ಕುರಿ ಟೆಂಪೋಗೆ ತುಂಬಿದ್ವಿ.

೯ ಜುಲೈ, ಬೆಂಗಳೂರು
ಆಪರೇಷನ್ ಆಯ್ತು. ಇವತ್ತು ಐಸಿಯುನಿಂದ ಹೊರಗೆ ಕೊಟ್ರು. ನನ್ನ ಬೆರಳು ಹಿಡ್ಕೊಂಡು ಬಿಡಲ್ಲ. ಕೈ ಬಿಸಿ ಐತೆ. ಅವ್ವ ಅಪ್ಪನ ಕಣ್ಣು ತಪ್ಪಿಸಿ ಬಂದಿದಾಳೆ. "ಏಡವೊದ್ದು" ಅಂತಾಳೆ ತೆಲುಗಲ್ಲಿ, ಅಳಬ್ಯಾಡ ಅಂತ. ಅಳ್ತಿರೋಳು ಅವಳೇ.

೧೨ ಜುಲೈ, ಮಧ್ಯಾಹ್ನ
ಗಂಡ ಬಂದಿದಾನೆ. ಹೊಸ ಶರ್ಟು, ಕೈಯಲ್ಲಿ ಮೂಸಂಬಿ ಚೀಲ. ಅವನವ್ವ ಕೂಸಿಗೆ ಹೆಸರು ಇಡ್ತಾಳಂತೆ, ಊರಿಗೆ ಕರ್ಕೊಂಡು ಬಾ ಅಂದ್ಲು ಅಂತ ನೆಲ ನೋಡ್ಕೊಂಡು ಹೇಳಿದ. ಹೆಸರು ನಾನಾಗಲೇ ಇಟ್ಟಾಗೈತೆ. ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.
"ಒಂದ್ಸಲ ಎತ್ಕೊಳ್ಲಾ?"
ಅವತ್ತು ಕಾವಲ್‌ನಲ್ಲಿ ಯಾಕೆ ಎತ್ಕೊಳ್ಳಲಿಲ್ಲ ಅಂತ ಕೇಳಿದೆ. ಮೂಸಂಬಿ ಚೀಲ ಕೆಳಗಿಟ್ಟ. ಇನ್ನೂ ವಾರ್ಡಿನ ಬಾಗಿಲಲ್ಲೇ ನಿಂತಿದಾನೆ. ನೋಡಬಾರ್ದು ಅಂತಾನೇ ಬರೀತಾ ಕೂತಿದೀನಿ. ಕೂಸು ಎದ್ದಳು. ಅಳು ಶುರುವಾಯ್ತು. ಅವನು ಈ ಸಲ ಆಚೆ ಹೋಗಲಿಲ್ಲ, ಒಂದು ಹೆಜ್ಜೆ ಒಳಗೆ ಇಟ್ಟ —