ಅಣಬೆ ಹವಳಗಳು ಸತ್ತ ಬಗೆ

ಜೀವನ್ ಬಿಮಾ ನಗರ, ಬೆಂಗಳೂರು
16 ಆಗಸ್ಟ್ 2006, ಬುಧವಾರ

ಪ್ರೀತಿಯ ಬೃಂದಾ,

ಮಂಗಳೂರಿನ ಮಳೆಯಲ್ಲಿ ಹಿಡಿದ ಕೆಮ್ಮು ಈಗ ಹೇಗಿದೆ? ಹಾಸ್ಟೆಲಿನಲ್ಲಿ ನೀರು ಕಾಯಿಸಿ ಕುಡಿಯುತ್ತೀಯೋ ಇಲ್ಲವೋ ಎಂದು ನಿನ್ನ ಅಮ್ಮ ದಿನಕ್ಕೊಮ್ಮೆ ನನ್ನನ್ನು ವಿಚಾರಿಸುತ್ತಾಳೆ, ನಿನ್ನ ವಾರ್ಡನ್ ನಾನೇ ಎಂಬಂತೆ. ಇಲ್ಲಿ ಬೀದಿಗೆ ನಾಲ್ಕು ಮನೆಯಲ್ಲಿ ಚಿಕುನ್‌ಗುನ್ಯಾ. ಎದುರುಮನೆಯ ಗಂಡಹೆಂಡತಿ ಇಬ್ಬರೂ ಗೋಡೆ ಹಿಡಿದು ನಡೆಯುತ್ತಿದ್ದಾರೆ. ನಮಗೆ ಇದುವರೆಗೆ ಬಂದಿಲ್ಲ. ನಿನ್ನ ದೊಡ್ಡ ತೊಟ್ಟಿ ಚೆನ್ನಾಗಿದೆ, ಮೀನುಗಳೂ ಹಳೆಯ ಹವಳಗಳೂ ಕ್ಷೇಮ. ಮುಂದಿನದನ್ನು ಓದುವಾಗ ನೀನು ಗಾಬರಿಯಾಗಬಾರದೆಂದು ಇದನ್ನು ಮೊದಲೇ ಬರೆದಿದ್ದೇನೆ.

ಫೋನಿನಲ್ಲಿ ನೀನು ಎರಡು ಸಲ ಕೇಳಿದೆ: 'ಅಪ್ಪಾ, ಹೊಸವು ಹೆಂಗಿದಾವೆ?' ಎರಡು ಸಲವೂ 'ಇದಾವಮ್ಮ' ಎಂದೆ. ಇರಲಿಲ್ಲ. ಮೊದಲ ಸಲ ಕೇಳಿದಾಗ ಎರಡು ಸತ್ತಿದ್ದವು, ಎರಡನೆಯ ಸಲ ಕೇಳುವ ಹೊತ್ತಿಗೆ ನಾಲ್ಕೂ ಸತ್ತಿದ್ದವು. ನಾಲ್ಕು ಎಲ್ಲಿಂದ ಬಂದವು, ನಾನು ತರಲು ಹೇಳಿದ್ದು ಎರಡಲ್ಲವೇ ಎಂದು ನೀನು ಕೇಳುತ್ತೀಯ. ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ನೀನು ಹೊರಟ ಮರುದಿನ, ಜೂನ್ ಹನ್ನೊಂದರ ಭಾನುವಾರ, ಶಿವಾಜಿನಗರಕ್ಕೆ ಹೋಗಿ ಅಕ್ತರ್‌ನ ಸಾಕುಮೀನಿನ ಅಂಗಡಿಯಿಂದ ಎರಡು ಅಣಬೆ ಹವಳ ತಂದೆ. ಸಮುದ್ರದಿಂದ ಕಿತ್ತದ್ದು ಬೇಡ, ಅವನೇ ತನ್ನ ತೊಟ್ಟಿಯಲ್ಲಿ ತುಂಡು ಮಾಡಿ ಬೆಳೆಸಿದ್ದೇ ಆಗಬೇಕು ಎಂದು ನೀನು ಹೇಳಿದ್ದೆಯಲ್ಲ, ಅವೇ. ನಿನ್ನ ಓದುವ ಮೇಜಿನ ಮೇಲೆ ಥರ್ಮಾಕೋಲು ಹಾಸಿ ಒಂದೂವರೆ ಅಡಿಯ ಸಣ್ಣ ತೊಟ್ಟಿ ಇಟ್ಟೆ. ದೊಡ್ಡ ತೊಟ್ಟಿಯಲ್ಲಿ ಮೂರು ವಾರ ನೆನೆದಿದ್ದ ಸ್ಪಂಜಿನ ಫಿಲ್ಟರನ್ನು ಇದಕ್ಕೆ ಹಾಕಿದೆ. ಹೀಟರು, ಸಣ್ಣ ದೀಪ, ಎಲ್ಲ ನೀನು ಹೇಳಿದಂತೆ. ಹೊಸ ಹವಳದ ಜೊತೆ ಬರುವ ಹುಳ, ಮೊಟ್ಟೆ, ರೋಗ ದೊಡ್ಡ ತೊಟ್ಟಿಗೆ ಹೋಗದಂತೆ ನಲವತ್ತು ದಿನ ಬೇರೆ ಇಡಬೇಕು ಎಂಬ ನಿನ್ನ ಹಾಳೆಯನ್ನು ಗೋಡೆಗೆ ಅಂಟಿಸಿದೆ. ದಿನಕ್ಕೆರಡು ಬಾರಿ ಉಷ್ಣಾಂಶವನ್ನೂ ಉಪ್ಪಿನ ಪ್ರಮಾಣವನ್ನೂ ಬರೆದಿಟ್ಟೆ. ನಿವೃತ್ತನಾದ ಮೇಲೆ ಅಷ್ಟು ಸಂತೋಷದಿಂದ ಯಾವ ಕೆಲಸವನ್ನೂ ಮಾಡಿರಲಿಲ್ಲ.

ಆ ಹಾಳೆಯಲ್ಲಿ ಒಂದು ಸಾಲು ಇತ್ತು: 'ಎರಡು ತೊಟ್ಟಿಗೂ ಒಂದೇ ಬಕೆಟ್ಟು, ಒಂದೇ ಮಗ್ಗು ಬಳಸಬೇಡ.' ಮನೆಯಲ್ಲಿ ಸೋಪು ಮುಟ್ಟದ ಇನ್ನೊಂದು ಪಾತ್ರೆ ಯಾವುದೆಂದು ಹುಡುಕಿದೆ. ಅಟ್ಟದ ಮೇಲೆ ನನ್ನ ಅವ್ವನ ತಾಮ್ರದ ಕೊಡ ಇತ್ತು. ಆಕೆ ಬದುಕಿದ್ದಷ್ಟು ದಿನ ಅದರ ನೀರನ್ನೇ ಕುಡಿದವಳು. ಇದಕ್ಕಿಂತ ಶುದ್ಧವಾದದ್ದು ಯಾವುದಿದೆ ಎಂದುಕೊಂಡೆ. ಹುಣಸೆಹಣ್ಣು ಹಾಕಿ ಫಳಫಳ ಉಜ್ಜಿದೆ. ಐದು ದಿನಕ್ಕೊಮ್ಮೆ ಅದರಲ್ಲಿ ಫಿಲ್ಟರ್ ನೀರು ತುಂಬಿ, ಸಮುದ್ರದ ಉಪ್ಪು ಕರಗಿಸಿ, ಒಂದು ದಿನ ಬಿಟ್ಟು ಸಣ್ಣ ತೊಟ್ಟಿಗೆ ಹಾಕುತ್ತಿದ್ದೆ.

ನಿನಗೆ ಇಷ್ಟರಲ್ಲೇ ಅರ್ಥವಾಗಿರುತ್ತದೆ. ನನಗೆ ಎರಡು ತಿಂಗಳು ಬೇಕಾಯಿತು.

ಮೊದಲು ಅಂಗೈಯಂತೆ ಬಿಚ್ಚಿಕೊಂಡಿದ್ದ ಹವಳಗಳು ಮೊದಲ ಸಲ ನೀರು ಬದಲಿಸಿದ ಎರಡೇ ದಿನಕ್ಕೆ ಮುದುಡಿದವು. ಹತ್ತನೆಯ ದಿನ ಕಲ್ಲಿನ ಮೇಲೆ ಕಂದು ಲೋಳೆ ಮಾತ್ರ ಉಳಿದಿತ್ತು. ಅಕ್ತರ್‌ಗೆ ಫೋನು ಮಾಡಿದೆ. 'ನೀರು ನೋಡಿ ಸಾರ್. ನಮ್ ಮಾಲು ಗಟ್ಟಿ ಐತೆ, ನಿಮ್ ನೀರಲ್ಲೇ ಏನೋ ಐತೆ' ಎಂದ. ನನಗೆ ಅವಮಾನವಾಯಿತು. ಮೂವತ್ತೊಂದು ವರ್ಷ ಟೆಲಿಫೋನ್ ಕಾರ್ಖಾನೆಯ ಉಗ್ರಾಣ ನೋಡಿಕೊಂಡವನಿಗೆ ಒಂದು ಗಾಜಿನ ತೊಟ್ಟಿ ನೋಡಿಕೊಳ್ಳಲು ಬರುವುದಿಲ್ಲವೇ? ಅಂಗಡಿಗೆ ಹೋಗಿ ಹಾಗೆಂದು ಹೇಳಿಯೂಬಿಟ್ಟೆ. ಅವನು ಜಗಳಕ್ಕೆ ಬರಲಿಲ್ಲ. 'ಬೃಂದಾ ಬೇಟಿ ತೊಟ್ಟಿಗೆ ತಾನೆ ಸಾರ್, ತಗೊಂಡೋಗಿ, ದುಡ್ಡು ಬೇಡ' ಎಂದು ಇನ್ನೆರಡು ಕೊಟ್ಟು ಕಳಿಸಿದ. ಅವನ್ನೂ ಅದೇ ತೊಟ್ಟಿಯಲ್ಲಿಟ್ಟು, ಅದೇ ಕೊಡದ ನೀರು ಹಾಕಿದೆ. ಎಂಟು ದಿನದಲ್ಲಿ ಅವೂ ಹೋದವು.

ಜುಲೈ ಒಂಬತ್ತು, ಭಾನುವಾರ, ಹನ್ನೊಂದು ಗಂಟೆ. ರಸೆಲ್ ಮಾರುಕಟ್ಟೆಯ ಹಿಂದಿನ ಆ ಗಲ್ಲಿಯಲ್ಲಿ ಆ ಹೊತ್ತಿಗೆ ಕಾಲಿಡಲು ಜಾಗ ಇರುವುದಿಲ್ಲ ಎಂಬುದು ನಿನಗೆ ಗೊತ್ತು. ಅಂಗಡಿ ಮುಂದೆ ನಿಂತು, 'ರೋಗದ ಮಾಲು ಮಾರ್ತೀಯೇನಯ್ಯಾ? ಒಂದಲ್ಲ, ಎರಡಲ್ಲ, ನಾಲ್ಕು!' ಎಂದು ಕೂಗಿದೆ. ಅವನು ಯಾರಿಗೋ ಮೀನು ಹಿಡಿದು ಚೀಲಕ್ಕೆ ಹಾಕುತ್ತಿದ್ದ. 'ಒಳಗ್ ಬನ್ನಿ ಸಾರ್. ಚಾ ಕುಡಿಯೋಣ, ಕೂತ್ಕೊಂಡ್ ಮಾತಾಡೋಣ' ಎಂದ. ನಾನು ಒಳಗೆ ಹೋಗಲಿಲ್ಲ. ಮೀನು ಕೊಳ್ಳಲು ಬಂದಿದ್ದವರು ಚೀಲವನ್ನು ಕಟ್ಟೆಯ ಮೇಲೇ ಬಿಟ್ಟು ಹೊರಟರು. ಅದನ್ನು ನೋಡಿ ನನಗೆ ಸಮಾಧಾನವಾಯಿತು ಎಂಬುದನ್ನೂ ಬರೆಯಬೇಕು.

ಅಷ್ಟಕ್ಕೇ ನಿಲ್ಲಿಸಲಿಲ್ಲ. ಪತ್ರಿಕೆಯ ಓದುಗರ ಅಂಕಣಕ್ಕೆ ಬರೆದೆ. ಬೀದಿದೀಪ, ಚರಂಡಿ, ಬಸ್ಸಿನ ವೇಳೆ, ಯಾವುದೇ ಇರಲಿ, ಬರೆದು ಕಳಿಸುವುದು ನನ್ನ ಹಳೆಯ ಚಟ ತಾನೇ. ಅಂಗಡಿಯ ಹೆಸರು ಹಾಕದಿದ್ದರೂ ಆ ಗಲ್ಲಿಯಲ್ಲಿ ಉಪ್ಪುನೀರಿನ ಮೀನು ಮಾರುವವನು ಅವನೊಬ್ಬನೇ. ಜುಲೈ ಹದಿನೈದರ ಬೆಂಗಳೂರು ಆವೃತ್ತಿಯಲ್ಲಿ ಬಂತು. ನಿನ್ನ ಊರಿಗೆ ಬರುವ ಪತ್ರಿಕೆಯಲ್ಲಿ ಇರಲಿಲ್ಲ. ನಾನು ಮೂರು ಪ್ರತಿ ಕೊಂಡು ತಂದೆ.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ನಿನ್ನ ಅಮ್ಮ ಪೂಜೆಗೆಂದು ಆ ಕೊಡ ತೆಗೆದುಕೊಂಡಳು. ಒಳಗೆ ಕೈ ಹಾಕಿದವಳೇ ನನ್ನನ್ನು ಕೂಗಿದಳು. ಕಂಠದ ಸುತ್ತ ಹಸಿರು ಕಿಲುಬು ಬೆರಳಿಗೆ ಅಂಟುತ್ತಿತ್ತು. 'ಇದ್ರಲ್ಲಿ ಉಪ್ಪುನೀರು ಇಟ್ಟಿದ್ರಾ? ತಾಮ್ರದಲ್ಲಿ ಯಾರಾದ್ರೂ ಉಪ್ಪಿನಕಾಯಿ ಹಾಕ್ತಾರೇನ್ರೀ? ಇಷ್ಟು ಪೇಪರ್ ಓದ್ತೀರಾ, ಇಷ್ಟು ಗೊತ್ತಿಲ್ವಾ?' ನಾನು ಹೋಗಿ ಗೋಡೆಯ ಹಾಳೆಯನ್ನು ಕಿತ್ತು ತಿರುಗಿಸಿದೆ. ಹಿಂದಿನ ಮಗ್ಗುಲಲ್ಲಿಯೂ ನಿನ್ನ ಬರಹ ಇತ್ತು. ಮೂರನೆಯ ಸಾಲು, ಕೆಳಗೆ ಎರಡು ಗೆರೆ ಎಳೆದದ್ದು: 'ತಾಮ್ರ, ಹಿತ್ತಾಳೆ ಸೋಕಲೇಬಾರದು. ಒಂದು ಚೂರು ಕರಗಿದರೂ ಹವಳ ಉಳಿಯುವುದಿಲ್ಲ.' ಆ ಮಗ್ಗುಲಿಗೆ ಅಂಟು ಹಚ್ಚಿ ಗೋಡೆಗೆ ಒತ್ತಿದವನು ನಾನು.

ಹಬ್ಬದ ಮರುದಿನ ಅಕ್ತರ್ ಬಳಿಗೆ ಹೋಗಿ ಕೊಡದ ವಿಷಯ ಹೇಳಿದೆ. ಅವನು ಹಣೆ ಬಡಿದುಕೊಂಡು ನಕ್ಕ. 'ತಾಮ್ರಾನಾ? ಯಾ ಅಲ್ಲಾ! ಮೀನಿನ ಮೈಮೇಲೆ ಹುಳ ಆದ್ರೆ ಸಾಯ್ಸಕ್ಕೆ ನಾವ್ ಹಾಕೋ ಔಷಧಾನೇ ಅದು ಸಾರ್. ಹವಳಕ್ಕೆ ವಿಷ ಅಲ್ವಾ!' ನಗು ಮುಗಿದ ಮೇಲೆ ಉಳಿದದ್ದನ್ನೂ ಹೇಳಿದ. ಕಾಕ್ಸ್ ಟೌನಿನ ಒಂದು ಶಾಲೆಯವರು ತೊಟ್ಟಿ ನೋಡಿಕೊಳ್ಳುವ ಕೆಲಸದಿಂದ ಅವನನ್ನು ಬಿಡಿಸಿದ್ದಾರೆ, ಪತ್ರಿಕೆಯ ತುಂಡನ್ನು ಕೈಗೆ ಕೊಟ್ಟು. ಕ್ಲಿನಿಕ್ಕಿಗೆ ಅವನಿಂದಲೇ ಮೀನು ಕೊಳ್ಳುತ್ತಿದ್ದ ದಂತವೈದ್ಯರೊಬ್ಬರು ಈಗ ಅವನ ಫೋನು ಎತ್ತುವುದಿಲ್ಲ. ಅವನ ಹಿಂದಿನ ಸಾಲಿನಲ್ಲಿ ಮೂರು ತೊಟ್ಟಿಗಳು ಒಣಗಿದ್ದವು. ಕ್ಷಮಿಸು ಎಂದೆ. 'ಆಯ್ತು ಬಿಡಿ ಸಾರ್' ಎಂದ. ಅಂದೇ ಪತ್ರಿಕೆಗೆ ತಪ್ಪೊಪ್ಪಿಗೆ ಬರೆದು ಹಾಕಿದೆ. ಹನ್ನೊಂದು ದಿನವಾಯಿತು, ಪ್ರಕಟವಾಗಿಲ್ಲ. ಶಾಲೆಗೂ ಹೋಗಿದ್ದೆ. ಅಲ್ಲಿ ಒಬ್ಬ ಮೇಡಂ ನಾನು ಹೇಳಿದ್ದನ್ನೆಲ್ಲ ಕೇಳಿ, 'ಪೇಪರಲ್ಲಿ ಬರ್ಲಿ, ನೋಡೋಣ' ಎಂದರು.

ಸಣ್ಣ ತೊಟ್ಟಿಯನ್ನು ಖಾಲಿ ಮಾಡಿದ್ದೇನೆ. ಸ್ಪಂಜು ಎಸೆದೆ. ಇನ್ನು ಅದನ್ನು ನೀನು ಬಂದು ಏನಾದರೂ ಮಾಡು, ನಾನು ಮುಟ್ಟುವುದಿಲ್ಲ. ಗೌರಿ ಹಬ್ಬಕ್ಕೆ ನೀನು ಬರುತ್ತೀಯೆಂದು ಅಮ್ಮ ಈಗಲೇ ಎಳ್ಳು ಹುರಿದಿಟ್ಟಿದ್ದಾಳೆ. ಕೆಮ್ಮು ಬಿಡದಿದ್ದರೆ ಡಾಕ್ಟರಿಗೆ ತೋರಿಸು, ನಮ್ಮಿಬ್ಬರ ಆಶೀರ್ವಾದ ಸದಾ ನಿನ್ನ ಮೇಲಿದೆ.

ನಿನ್ನ ಅಪ್ಪ,
ಮುನಿರಾಜಪ್ಪ

ಮೇಲೆ ಬರೆಯದೆ ಬಿಟ್ಟದ್ದು: ಪತ್ರಿಕೆಯಲ್ಲಿ ಬಂದ ಕಾಗದದ ಕೆಳಗಿದ್ದದ್ದು ನನ್ನ ಹೆಸರಲ್ಲ, ನಿನ್ನದು. 'ಬೃಂದಾ ಎಂ., ಮೀನುಗಾರಿಕೆ ವಿದ್ಯಾರ್ಥಿನಿ' ಎಂದು ಹಾಕಿದೆ. ಉಗ್ರಾಣದ ಗುಮಾಸ್ತ ಹವಳದ ಬಗ್ಗೆ ಬರೆದರೆ ಯಾರು ನಂಬುತ್ತಾರೆ ಎಂದುಕೊಂಡೆ. ಅಮ್ಮನಿಗೆ ಓದಿ ಹೇಳುವಾಗ ಹೆಸರು ಬಿಟ್ಟು ಓದಿದೆ. ನನ್ನ ಹೆಸರಿನಲ್ಲಿ ಕಳಿಸಿದ ತಪ್ಪೊಪ್ಪಿಗೆಯನ್ನು ಪತ್ರಿಕೆಯವರು ಹೇಗೆ ಹಾಕಿಯಾರು? ಅಕ್ತರ್‌ಗೆ ಕನ್ನಡ ಓದಲು ಬರುವುದಿಲ್ಲ, ಅವನ ಹೆಂಡತಿ ಉಮ್ಮೆ ಕುಲ್ಸುಂ ಓದಿ ಹೇಳಿದಳಂತೆ, ಹೆಸರೂ ಸೇರಿ. ನಾನು ಕ್ಷಮೆ ಕೇಳಲು ಹೋದ ದಿನ ನನ್ನನ್ನು ಕಳಿಸಲು ಬಸ್ ನಿಲ್ದಾಣದವರೆಗೆ ಬಂದ ಅಕ್ತರ್, 'ನೀವ್ ಬೈದ್ರಿ, ದೊಡ್ಡೋರು, ಪರವಾಗಿಲ್ಲ. ಬೇಟಿ ಯಾಕ್ ಸಾರ್ ಹಂಗ್ ಬರೆದ್ಳು? ನಂಗೊಂದ್ ಫೋನ್ ಮಾಡ್ಬೋದಿತ್ತಲ್ಲ' ಎಂದ. ನಾನು 'ಬಸ್ ಬಂತು' ಎಂದು ಹತ್ತಿಬಿಟ್ಟೆ. ಅದು ನನ್ನ ಬಸ್ಸೂ ಆಗಿರಲಿಲ್ಲ. ಊರಿಗೆ ಬಂದ ದಿನವೇ ನೀನು ಅವನ ಅಂಗಡಿಗೆ ಹೋಗುವವಳು, ಹೀಗೆ ತಿಳಿಯದೆ ಹೋಗಬಾರದು. ನಾಳೆ ಹೋಗಿ ಅವನಿಗೆ ಹೇಳುತ್ತೇನೆ ಎಂದು ಬರೆದು ನಿನಗೆ ಕಳಿಸಿಬಿಟ್ಟರೆ ನಾನು ಹೋಗುವುದಿಲ್ಲ, ನನ್ನನ್ನು ನಾನು ಬಲ್ಲೆ. ಆದ್ದರಿಂದ ಈ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಈಗಲೇ ಶಿವಾಜಿನಗರಕ್ಕೆ ಹೊರಟಿದ್ದೇನೆ. ಮೊದಲು ಅವನ ಅಂಗಡಿ, ಆಮೇಲೆ ಅಂಚೆ ಡಬ್ಬ. ಇದು ನಿನ್ನ ಕೈಗೆ ಬಂದಿದ್ದರೆ, ಅವನಿಗೆ ಹೇಳಿಯಾಗಿದೆ ಎಂದು ತಿಳಿ.