ಸಂಪುಟ ಕೊಳಕಾಗಿದೆ

ಸುಬ್ರಾಯಣ್ಣನಿಗೆ, ತೆಕ್ಕಟ್ಟೆಯಿಂದ ನಿಮ್ಮ ಕರಡಿನ ಓದುಗ ಬರೆಯುವುದು.

ನೀವು ಹೋದ ಮೇಲೆ ಅತ್ತಿಗೆ ನಿಮ್ಮ ಲ್ಯಾಪ್‌ಟಾಪನ್ನೂ ಆ ಕಪ್ಪು ಡಿಸ್ಕನ್ನೂ ಬಟ್ಟೆಯ ಚೀಲದಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು. "ಅವ್ರ್ ಮಾಡಿಟ್ಟದ್ದ್ ನೀನೇ ಕಾಣ್, ಮಾಬ್ಲ. ನಂಗೆ ಅದ್ರಗೆ ಎಂತ ಗೊತ್ತಾತಿಲ್ಲೆ" ಎಂದರು. ಅಂದಿನಿಂದ ನಿಮ್ಮ ಅನುವಾದವನ್ನು ಡಿಸ್ಕಿನಿಂದಲೇ ತೆರೆದು, ಇಂಗ್ಲಿಷ್ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು, ಸಾಲುಸಾಲಾಗಿ ಓದುತ್ತ ಬಂದೆ. ಮುಂದಿನ ಅಧ್ಯಾಯವನ್ನು ಮೊದಲೇ ಇಣುಕುವವನಲ್ಲ ನಾನು, ನಿಮಗೆ ಗೊತ್ತಲ್ಲ. ಹಾಗಾಗಿ ಕೊನೆಯ ಎರಡು ಅಧ್ಯಾಯಗಳನ್ನು ತೆರೆದೇ ಇರಲಿಲ್ಲ. ಅವು ಬೇರೆಲ್ಲೂ ಇಲ್ಲ.

ಅಷ್ಟರಲ್ಲಿ ಲಿನಕ್ಸಿನ ಹೊಸ ಆವೃತ್ತಿ ಬಂದಿದೆ, ಹಾಕಲೇ ಎಂದು ಲ್ಯಾಪ್‌ಟಾಪ್ ಕೇಳಿತು. ಹೂಂ ಎಂದೆ. ಮರುದಿನ ಡಿಸ್ಕ್ ಸಿಕ್ಕಿಸಿದರೆ ದೀಪ ಉರಿಯುತ್ತದೆ, ಹೆಸರು ಕಾಣುತ್ತದೆ, ಒತ್ತಿದರೆ ಮೌಂಟ್ ಆಗುವುದಿಲ್ಲ, ಒಳಗಿನದು ತೆರೆಯುವುದಿಲ್ಲ. ಯಂತ್ರ ತನ್ನಷ್ಟಕ್ಕೆ ಬರೆದಿಡುವ ಲಾಗ್ ತೆಗೆದು ನೋಡಿದೆ. ವಾಲ್ಯೂಮ್ ಡರ್ಟಿ ಆಗಿದೆ, ಫೋರ್ಸ್ ಕೊಟ್ಟಿಲ್ಲ ಎಂದು ಇಂಗ್ಲಿಷಿನಲ್ಲಿತ್ತು. ಕನ್ನಡ ಮಾಡಿದರೆ, ಸಂಪುಟ ಕೊಳಕಾಗಿದೆ, ಬಲವಂತ ಮಾಡಿಲ್ಲ. ಇದಕ್ಕೆ ಏನು ಅರ್ಥ?

ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವವರ ಹತ್ತಿರ ನೀವು ಒಂದೊಂದು ಹಲಗೆಯ ಹೆಸರನ್ನೂ ಕೇಳುತ್ತ ನಿಂತ ದಿನ ನೆನಪಾಯಿತು. ಕಾದಂಬರಿಯಲ್ಲಿ ದೋಣಿ ಕಟ್ಟುವ ಮುದುಕನೊಬ್ಬ ಇದ್ದಾನೆಂದು ಅಷ್ಟು ದೂರ ಹೋಗಿದ್ದಿರಿ. "ಹ್ವಾಯ್, ನಿಮ್ಗ್ ದೋಣಿ ಬೇಕೊ, ದೋಣಿ ಹೆಸ್ರ್ ಬೇಕೊ?" ಎಂದು ಅಲ್ಲಿಯ ಮೇಸ್ತ್ರಿ ನಕ್ಕರು. "ಹೆಸ್ರ್ ಸಾಕ್ ಮಾರಾಯ್ರೆ, ದೋಣಿ ನಾನೇ ಮಾಡ್ಕಂತೆ" ಎಂದಿರಿ. ಶಬ್ದವನ್ನು ಹಾಗೆ ನಂಬುವುದನ್ನು ನಿಮ್ಮಿಂದಲೇ ಕಲಿತದ್ದಲ್ಲವೇ? ಕೊಳಕು ಎಂದರೆ ಕೊಳಕು ಎಂದುಕೊಂಡು ಹತ್ತಿಗೆ ಸ್ಪಿರಿಟ್ ಅದ್ದಿ ಕೇಬಲ್ಲಿನ ಎರಡೂ ತುದಿ ಒರೆಸಿದೆ. ಏನೂ ಆಗಲಿಲ್ಲ. ಹೊಸ ಕೇಬಲ್ ತಂದೆ. ಅದೇ ಸಾಲು.

ಅತ್ತಿಗೆಗೆ ಫೋನ್ ಮಾಡಿ, ಡಿಸ್ಕ್ ಯಾವಾಗಲಾದರೂ ನೀರಿಗೆ ಬಿದ್ದಿತ್ತೇ, ಕೊಳಕಾಗಿದೆ ಎನ್ನುತ್ತಿದೆ ಎಂದೆ. "ಸೂತಕ ಕಳ್ದ್ ಎಷ್ಟ್ ಸಮಯ ಆಯ್ತ್, ಅದಕ್ಕ್ ಇನ್ನೂ ಮೈಲಿಗೆಯಾ?" ಎಂದರು. ನಗಬೇಕೋ ಬೇಡವೋ ತಿಳಿಯದೆ ಫೋನ್ ಇಟ್ಟೆ.

ಕೊನೆಗೆ ಹುಡುಕಿ ಓದಿದೆ. ಅದು ಧೂಳಿನ ಮಾತೇ ಅಲ್ಲ. ಡಿಸ್ಕಿಗೆ ಏನೋ ಬರೆಯುತ್ತಿರುವಾಗ, ಸರಿಯಾಗಿ ಮುಚ್ಚದೆ ಎಳೆದರೆ 'ಡರ್ಟಿ' ಎಂದು ಒಂದು ಗುರುತು ಬೀಳುತ್ತದಂತೆ. ಹಳೆಯ ಲಿನಕ್ಸ್ ಕಂಡೂ ಕಾಣದ ಹಾಗೆ ತೆರೆಯುತ್ತಿತ್ತು. ಹೊಸದರಲ್ಲಿ ಡಿಸ್ಕ್ ಓದುವ ಡ್ರೈವರ್ ಬೇರೆ, ಅದು ಒಳಗೆ ಬಿಡುವುದಿಲ್ಲ. ಬಲವಂತವಾಗಿ ತೆರೆಯಬಹುದು, ಇದ್ದದ್ದೂ ಹಾಳಾಗಬಹುದು. ಆ ಆಜ್ಞೆಯನ್ನು ಪೂರ್ತಿ ಬರೆದು, ಎಂಟರ್ ಒತ್ತಲಾರದೆ ಅಳಿಸಿದೆ. ಆದರೆ ಎಳೆದವರು ಯಾರು? ನೀವಂತೂ ಚಾ ಲೋಟವನ್ನೂ ಮುಚ್ಚದೆ ಎದ್ದವರಲ್ಲ...

ಕುಂದಾಪುರದ ಡಿಟಿಪಿ ಅಂಗಡಿಯ ಲತಾಳನ್ನು ಕೇಳಿದೆ. ಡಿಸ್ಕ್ ಸಿಕ್ಕಿಸಿಕೊಂಡು ಕೂತಿದ್ದ ನೀವು ಕುಸಿದದ್ದು ಅವಳ ಅಂಗಡಿಯಲ್ಲೇ ಅಲ್ಲವೇ. "ನಾನೇ ಎಳ್ದದ್ದ್" ಎಂದಳು. "ಅಣ್ಣನ್ನ ರಿಕ್ಷಾಕ್ಕೆ ಹತ್ಸುವತಿಗೆ ಅವ್ರದ್ದೆಲ್ಲ ಒಟ್ಟಿಗೆ ಹೋಯ್ಲಿ ಅಂದೇಳಿ ಎಳ್ದ್ ಚೀಲಕ್ಕೆ ಹಾಕ್ದೆ. ಬೇರೆಂತ ಮಾಡುಕಿತ್ತ್?" ಬೇರೇನು ಮಾಡಬಹುದಿತ್ತು, ಹೇಳಿ. ಅವಳ ವಿಂಡೋಸ್ ಕಂಪ್ಯೂಟರಿಗೇ ಸಿಕ್ಕಿಸಿ, ಆ ಗುರುತು ಅಳಿಸಲು ಡಿಸ್ಕನ್ನು ತಪಾಸಣೆಗೆ ಹಾಕಿದೆವು. ತೆರೆಯಿತು, ಸುಬ್ರಾಯಣ್ಣ. ಎರಡೂ ಅಧ್ಯಾಯ ಹಾಗೇ ಇದ್ದವು.

ಕೊನೆಯ ಪುಟದಲ್ಲಿ ಮಾತ್ರ ಒಂದು ಓರೆಗೆರೆ. ಮುದುಕ ಮರಳುವುದಿಲ್ಲವೆಂದು ಗೊತ್ತಿದ್ದೇ ಮನೆ ಬಿಡುವಾಗ ಹೆಂಡತಿಗೆ ಹೇಳುವ ಮಾತು. ಇಂಗ್ಲಿಷಿನಲ್ಲಿ ಬರೀ 'ಹೋಗುತ್ತೇನೆ' ಎಂದಿದೆ. ನೀವು 'ಹೋತೆ / ಬತ್ತೆ' ಎಂದು ಎರಡನ್ನೂ ಬರೆದು ಬಿಟ್ಟಿದ್ದೀರಿ. ನಾನು ಆರಿಸಲಿ ಎಂದೇ? ಅಥವಾ ನಿಮಗೂ...

ಅತ್ತಿಗೆಯನ್ನು ಕೇಳಲು ಮನೆಗೇ ಹೋದೆ. "ಮನಿಯಿಂದ ಹೊರಡುವತಿಗೆ ಯಾರಾರೂ 'ಹೋತೆ' ಅಂಬ್ರಾ? ಇಷ್ಟ್ ಪುಸ್ತಕ ಓದಿ ನಿಂಗೆ ಅದೂ ಗೊತ್ತಿಲ್ಯಾ?" ಎಂದು ಬೈದರು. ಆಮೇಲೆ ಅಂಗಳದ ಕಡೆ ತಿರುಗಿದರು. "ಆ ದಿನ ಅವ್ರ್ ಎರಡೂ ಹೇಳ್ಲಿಲ್ಲೆ. ಬಸ್ಸ್ ಬಂತ್ ಅಂದೇಳಿ ಓಡಿರ್."

'ಬತ್ತೆ' ಉಳಿಸಿದ್ದೇನೆ. ಮೂಲದಲ್ಲಿ ಬರುತ್ತೇನೆ ಎಂಬ ಮಾತಿಲ್ಲ, ಗೊತ್ತು. ನೀವು ಯಾವುದನ್ನು ಅಳಿಸುತ್ತಿದ್ದಿರಿ ಎಂಬುದು ಮಾತ್ರ ಈಗಲೂ ಗೊತ್ತಾಗುತ್ತಿಲ್ಲ. ಪುಸ್ತಕ ನಿನ್ನೆ ಅಚ್ಚಿಗೆ ಹೋಯಿತು. ಮೊದಲ ಪ್ರತಿ ಅತ್ತಿಗೆಗೆ. ಆ ಪುಟವನ್ನು ನಾನೇ ಕೂತು ಅವರಿಗೆ ಓದಿ ಹೇಳುತ್ತೇನೆ.

ನಿಮ್ಮ,
ಮಹಾಬಲ