ಏಳು ಸಲ ಕೇಳಿದ ಹೆಸರು

ಲಿಂಗಸುಗೂರು, ತಂಪುಮನೆ ಓಣಿ
ಇಸವಿ ಎರಡು ಸಾವಿರದ ನೂರ ತೊಂಬತ್ತೊಂದು, ಉರಿತಿಂಗಳ ನಾಲ್ಕನೇ ತಾರೀಖು

ನಮಗಿಂತ ನೂರ ಅರವತ್ತು ವರ್ಷ ಹಿಂದೆ ಬದುಕಿರುವ ಹಿರಿಯರಿಗೆ,

ಅಮರಪ್ಪನ ಮಗಳು ಸುವರ್ಣಾ ಮಾಡುವ ನಮಸ್ಕಾರಗಳು. ತಾರೀಖು ನೋಡಿ ಗಾಬರಿಯಾಗಬೇಡಿ. ನಿಮಗೆ ಹನ್ನೆರಡು ತಿಂಗಳು ಸಾಕಾಗುತ್ತಿದ್ದವು. ನಮ್ಮಲ್ಲಿ ಮೇ ಮುಗಿದರೂ ಬೇಸಿಗೆ ಮುಗಿಯುವುದಿಲ್ಲ, ಅದಕ್ಕೇ ಜೂನಿಗೆ ಮೊದಲು ಇನ್ನೊಂದು ತಿಂಗಳು ಸೇರಿಸಿ ಉರಿತಿಂಗಳು ಎಂದು ಕರೆದಿದ್ದಾರೆ. ಮುಂದೆ ಬರುವ ಕೆಲವು ಮಾತುಗಳೂ ನಿಮ್ಮ ಕಿವಿಗೆ ಹೊಸವು, ಅದಕ್ಕೆ ಕ್ಷಮೆ ಇರಲಿ. ನನ್ನ ಸಿಟ್ಟಿಗೆ ಮಾತ್ರ ನಾನು ಕ್ಷಮೆ ಕೇಳುವವಳಲ್ಲ.

ಪತ್ರ ನಿಮಗೇ ಯಾಕೆ ಎಂದರೆ, ನನ್ನ ತಾಯಿ ಹಂಪಮ್ಮನ ಮೆದುಳಿನ ಆಪರೇಷನ್ ಅರ್ಧಕ್ಕೆ ನಿಂತಿತು. ಗಡ್ಡೆಯ ಒಂದು ತುಂಡು ಇನ್ನೂ ಒಳಗೇ ಇದೆ. ದೂರು ಕೊಡಲು ಹೋದಾಗ ಗುಮಾಸ್ತ ಕಡತ ತಿರುವಿ ನೋಡಿದ. ತಲೆಯ ಆಸ್ಪತ್ರೆಗಳನ್ನೆಲ್ಲ ಒಂದೇ ಕಡೆ ಕೂಡಿಹಾಕಿದ ತೀರ್ಮಾನ ಈಗ ಬದುಕಿರುವ ಯಾರದ್ದೂ ಅಲ್ಲ, ಹಾಗಾಗಿ ದೂರನ್ನು ಆ ಕಾಲದವರಿಗೇ ಬರೆಯಬೇಕು ಎಂದ. ಅದಕ್ಕೆಂದೇ ಹಿನ್ನೋಲೆ ಎಂಬ ವಿಭಾಗ ಇದೆ. ಹಿಂದಿನವರಿಗೆ ಪತ್ರ ಬರೆದು ಕೊಟ್ಟರೆ ಮೊಹರು ಒತ್ತಿ ತೆಗೆದುಕೊಳ್ಳುತ್ತಾರೆ. ಮಂದಿಯ ಸಿಟ್ಟು ಇಳಿಸಲು ಯಾರೋ ಜಾಣರು ಹೂಡಿದ ಉಪಾಯ ಅದು ಎಂಬುದು ನನಗೂ ಗೊತ್ತು. ನನ್ನದು ಇಳಿದಿಲ್ಲ.

ನಮ್ಮ ದೇಶದಲ್ಲಿ ತಲೆ ತೆರೆಯುವ ಊರು ಈಗ ಒಂದೇ. ಕಾಗದದಲ್ಲಿ ಅದಕ್ಕೆ ಏನೋ ಉದ್ದನೆಯ ಹೆಸರಿದೆ, ಜನ ಅದನ್ನು ತಲೆಯೂರು ಎನ್ನುತ್ತಾರೆ. ನರ್ಮದೆಯ ಆಚೆ ದಂಡೆಯಲ್ಲಿದೆ. ಅಲ್ಲಿಗೆ ಹಾರಿ ಹೋಗುವ ವಾಹನಗಳಿವೆ, ಆದರೆ ತಲೆಯೊಳಗೆ ಬಾವು ಇದ್ದವರನ್ನು ಹತ್ತಿಸುವುದಿಲ್ಲ. ಅವರಿಗಾಗಿ ನಿಧಾನಗಾಡಿ ಇದೆ. ನೆಲದ ಮೇಲೇ ಓಡುತ್ತದೆ, ಕುಲುಕುವುದಿಲ್ಲ, ಮೂರು ದಿನ ಹಿಡಿಯುತ್ತದೆ. ರೋಗಿಯ ಜೊತೆ ಹೋಗಲು ಒಬ್ಬರಿಗೆ ಮಾತ್ರ ಅಪ್ಪಣೆ, ಅದಕ್ಕೆ ಒಬ್ಬಾಳು ಚೀಟಿ ಎನ್ನುತ್ತಾರೆ. ನಮ್ಮಲ್ಲಿ ಹೆಣ್ಣು ನೋಡಲು ಹೋದರೂ ಹನ್ನೊಂದು ಜನ ಹೊರಡುತ್ತೇವೆ. ತಲೆಬುರುಡೆ ಬಿಚ್ಚಿಸಿಕೊಳ್ಳಲು ಹೋಗುವವಳ ಜೊತೆ ಒಬ್ಬರು!

ಹೊರಡುವ ಮೊದಲಿನ ಇಪ್ಪತ್ತು ದಿನ ಮನೆಯಲ್ಲಿ ಮದುವೆಯ ಗದ್ದಲ. ನಮ್ಮ ಮನೆಗಳೆಲ್ಲ ನೆಲದ ಕೆಳಗೆ ಇವೆ, ಮೇಲೆ ಬಿಸಿಲು ತಡೆಯುವುದಿಲ್ಲ. ಓಣಿಯ ಹೆಂಗಸರೆಲ್ಲ ನಮ್ಮ ಕೆಳಮನೆಯಲ್ಲಿ ಸೇರಿ ನಲವತ್ತು ದಿನಕ್ಕಾಗುವಷ್ಟು ಖಡಕ್ ರೊಟ್ಟಿ ಬಡಿದರು, ಶೇಂಗಾ ಚಟ್ನಿ ಕುಟ್ಟಿದರು. ಅವ್ವ ಒಲೆಯ ಮುಂದೆ ನಿಂತು ಅಪ್ಪನಿಗೆ ಬೇಳೆ ಬೇಯಿಸುವುದನ್ನು ಕಲಿಸಿದಳು. ಅಪ್ಪ ಎರಡು ಸಲ ತಳ ಹಿಡಿಸಿದ. ನನಗೇನಾದರೂ ಹೆಚ್ಚುಕಡಿಮೆಯಾದರೆ ನೀವು ಉಪವಾಸ ಸಾಯುವುದು ಗ್ಯಾರಂಟಿ ಎಂದು ಅವ್ವ ನಕ್ಕಳು. ಅಪ್ಪ ನಗಲಿಲ್ಲ. ತಲೆ ಬೋಳಿಸುತ್ತಾರಂತೆ ಎಂಬುದೊಂದೇ ಅವಳ ಚಿಂತೆ. ಗಂಡ ಕಣ್ಣೆದುರಿಗಿರುವಾಗ ಬೋಳುತಲೆಯಲ್ಲಿ ಊರಿಗೆ ಹೇಗೆ ಇಳಿಯಲಿ ಎಂದು ಕೇಳಿಕೇಳಿ ಸುಸ್ತಾದಳು. ದೊಡ್ಡ ಸೆರಗಿನ ಸೀರೆ ಆರು ಇಟ್ಟುಕೊಂಡಳು.

ಈಗ ಗುರುತಿನ ಗಂಟಿನ ವಿಷಯಕ್ಕೆ ಬರುತ್ತೇನೆ. ಅವ್ವನ ಗಡ್ಡೆ ಮಾತಿನ ಜಾಗಕ್ಕೆ ಅಂಟಿಕೊಂಡಿತ್ತು. ಅಂಥವರಿಗೆ ಎಚ್ಚರ ಇರುವಾಗಲೇ ಕೆಲಸ ಮಾಡುತ್ತಾರೆ. ಒಂದು ಯಂತ್ರ ಪ್ರಶ್ನೆ ಕೇಳುತ್ತಾ ಹೋಗುತ್ತದೆ, ರೋಗಿ ಉತ್ತರ ಕೊಡುತ್ತಿರಬೇಕು. ಉತ್ತರ ತಪ್ಪಿದರೆ ಕತ್ತಿ ಮಾತಿನ ಜಾಗ ಮುಟ್ಟಿತು ಎಂದರ್ಥ, ಕೈ ತೆಗೆಯಬೇಕು. ಯಂತ್ರಕ್ಕೆ ಕೇಳುಗ ಎಂದು ಹೆಸರು. ಕೇಳುಗನ ಪ್ರಶ್ನೆಗಳನ್ನು ಮನೆಯವರೇ ಕೂತು ಕಟ್ಟಿ ಕಳಿಸಬೇಕು. ಅದೇ ಗುರುತಿನ ಗಂಟು. ನಲವತ್ತು ಪ್ರಶ್ನೆ, ನಲವತ್ತು ಉತ್ತರ. ಅದರಲ್ಲಿ ಒಂದು ಮೂಲಪ್ರಶ್ನೆ: ರೋಗಿ ಪ್ರಾಣ ಹೋದರೂ ಮರೆಯದಂಥದ್ದು ಇರಬೇಕು. ರೋಗಿಗೆ ಮೊದಲೇ ಗೊತ್ತಾಗಬಾರದು ಎಂಬ ನಿಯಮಕ್ಕಾಗಿ ಅವ್ವನನ್ನು ಪಕ್ಕದ ಮನೆಗೆ ಕಳಿಸಿ ನಾವು ಕೂತೆವು. ನಾನು, ಅಪ್ಪ, ಚಿಕ್ಕಮ್ಮ. ಮೂಲಪ್ರಶ್ನೆಗೆ ಏನು ಹಾಕುವುದೆಂದು ತಲೆ ಕೆರೆದುಕೊಳ್ಳುತ್ತಿದ್ದಾಗ ಅಪ್ಪ ಮೀಸೆ ತಿರುವಿ, "ನನ್ ಹೆಸ್ರು ಕೇಳಂತ ಹಾಕವ್ವ. ನಲವತ್ ವರ್ಷ ಆತು ಸಂಸಾರ ಮಾಡಾಕ ಹತ್ತಿ. ಅದನ್ ಹೆಂಗ ಮರೀತಾಳ ಆಕಿ?" ಎಂದ. ಚಿಕ್ಕಮ್ಮ ಚಪ್ಪಾಳೆ ತಟ್ಟಿದಳು. ಬರೆದವಳು ನಾನು.

ನಿಮಗೆ ಆಗಲೇ ಹೊಳೆದಿರಬಹುದು. ನಮಗೆ ಮೂವರಿಗೂ ಹೊಳೆಯಲಿಲ್ಲ.

ಒಬ್ಬಾಳು ಚೀಟಿಯಲ್ಲಿ ಜೊತೆಗೆ ಹೋದವಳು ನಾನು. ತಲೆಯೂರಿನ ಬಾಗಿಲಲ್ಲೇ ರೊಟ್ಟಿ ಗಂಟನ್ನು ಕಸಿದುಕೊಂಡರು, ಹೊರಗಿನ ಅನ್ನಕ್ಕೆ ಅಪ್ಪಣೆ ಇಲ್ಲವಂತೆ. ಓಣಿಯ ಹೆಂಗಸರ ಇಡೀ ವಾರದ ರಟ್ಟೆಯ ಕೆಲಸ ಕಸದ ಗಾಡಿಗೆ ಹೋಯಿತು. ಮರುದಿನ ಅವ್ವನ ತಲೆ ಬೋಳಿಸಿ ಒಳಗೆ ಕರೆದೊಯ್ದರು. ನಾನು ಏಳು ತಾಸು ಗೋಡೆಯ ಆಚೆ ಕೂತಿದ್ದೆ. ಒಳಗಿನ ಮಾತು ಕೇಳುತ್ತಿರಲಿಲ್ಲ. ಅಲ್ಲಿ ಕನ್ನಡ ಬರುವ ಯಂತ್ರ ಇತ್ತು, ಕನ್ನಡದ ಮನುಷ್ಯರು ಇರಲಿಲ್ಲ.

ಒಳಗೆ ನಡೆದದ್ದು ಆಮೇಲೆ ಅವರು ಕೊಟ್ಟ ವರದಿ ಓದಿ ಗೊತ್ತಾಯಿತು. ಕೇಳುಗ ಅವ್ವನಿಗೆ ಆಕಳು ತೋರಿಸಿತು, ಆಕಳು ಎಂದಳು. ಕುಂಬಳಕಾಯಿ ಎಂದಳು, ಬುಧವಾರ ಎಂದಳು, ನನ್ನ ಹೆಸರು ಹೇಳಿದಳು. ಆಮೇಲೆ ನಿಮ್ಮ ಗಂಡನ ಹೆಸರೇನು ಎಂದಿತು. ಅವ್ವ ಸುಮ್ಮನಾದಳು. ಮತ್ತೆ ಕೇಳಿತು. ಸುವರ್ಣಾನ ಅಪ್ಪ ಎಂದಳು. ಮತ್ತೆ ಕೇಳಿತು. ನಮ್ಮ ಮನಿಯವರು ಎಂದಳು. ಏಳು ಸಲ ಕೇಳಿತು. ಏಳನೆಯ ಸಲ ಅವಳು ನಕ್ಕು ಮುಖ ಆಚೆ ತಿರುಗಿಸಲು ನೋಡಿದಳಂತೆ, ತಲೆಯನ್ನು ಬಿಗಿದಿದ್ದರಿಂದ ಆಗಲಿಲ್ಲ. ಮೂಲಪ್ರಶ್ನೆಯ ಉತ್ತರ ಅಳಿಸಿಹೋಗಿದೆ ಎಂದು ಕೇಳುಗ ಬರೆದುಕೊಂಡಿತು. ನಿಯಮದ ಪ್ರಕಾರ ವೈದ್ಯರು ಕೈ ತೆಗೆದು ತಲೆ ಮುಚ್ಚಿದರು.

ಎಂಟನೇ ದಿನ ಅವಳಿಗೆ ಸರಿಯಾಗಿ ಮಾತು ಬಂದ ಮೇಲೆ, ಯಾಕವ್ವ ಹೇಳಲಿಲ್ಲ ಎಂದು ಕೇಳಿದೆ. ಸೆರಗು ತಲೆಯ ಮೇಲೆ ಎಳೆದುಕೊಂಡು, "ಅಷ್ಟ್ ಮಂದಿ ಗಂಡಸ್ರ ಮುಂದ ಅವರ ಹೆಸ್ರು ಹಿಡ್ದು ಹೆಂಗ ಹೇಳ್ಲವ್ವ? ನಾಚಿಕಿ ಬರಲ್ಲೇನು?" ಎಂದಳು. ನಾನು ಅಲ್ಲೇ ಗೋಡೆಗೆ ತಲೆ ಚಚ್ಚಿಕೊಂಡೆ. ಹುಟ್ಟಿದಾಗಿನಿಂದ ಅವಳ ಬಾಯಲ್ಲಿ ಅಪ್ಪನ ಹೆಸರು ಕೇಳಿದ್ದು ಮದುವೆ ಮನೆಗಳಲ್ಲಿ, ಒಡಪು ಹೇಳುವಾಗ ಮಾತ್ರ. ಪ್ರಾಸ ಕಟ್ಟಿ ಅದರೊಳಗೆ ಗಂಡನ ಹೆಸರು ಸೇರಿಸಿ ಹೇಳಿ, ಸೆರಗಲ್ಲಿ ಬಾಯಿ ಮುಚ್ಚಿಕೊಳ್ಳುವವಳು ಅವಳು. ಇದನ್ನು ನೋಡುತ್ತಲೇ ಬೆಳೆದವಳು ಆ ಪ್ರಶ್ನೆ ಬರೆದೆ. ಫೋನಿನಲ್ಲಿ ಹೇಳಿದಾಗ ಅಪ್ಪ, "ನನ್ ಹೆಸ್ರೇ ಆಕೀಗ ಮುಳುವಾತಲ್ಲವ್ವ" ಎಂದು ಅತ್ತ. ಅವನನ್ನು ನಾನು ಬೈದೆ. ಅದಕ್ಕಿಂತ ಹೆಚ್ಚು ನನ್ನನ್ನು ಬೈದುಕೊಂಡೆ.

ಹಾಗಿದ್ದರೆ ನಮ್ಮನ್ನೇಕೆ ಬೈಯುತ್ತೀ ಎಂದು ಕೇಳಬೇಡಿ. ಆ ಕೋಣೆ ನಮ್ಮ ಊರಲ್ಲಿ ಇದ್ದಿದ್ದರೆ ಏನಾಗುತ್ತಿತ್ತು, ಸ್ವಲ್ಪ ಯೋಚಿಸಿ. ಎರಡನೇ ಸಲ ಕೇಳುವಷ್ಟರಲ್ಲಿ ಬಟ್ಟೆ ಹಿಡಿದು ನಿಂತ ನರ್ಸಮ್ಮ ನಕ್ಕುಬಿಡುತ್ತಿದ್ದಳು. ನೆಲ ಒರೆಸುವ ಮುದುಕಿಯಾದರೂ, ಹಂಪಮ್ಮಾ, ಒಂದು ಒಡಪು ಹೇಳವ್ವ ಎನ್ನುತ್ತಿದ್ದಳು. ಅವ್ವ ಹೇಳುತ್ತಿದ್ದಳು, ಕೆಲಸ ಪೂರ್ತಿಯಾಗುತ್ತಿತ್ತು. ಅಷ್ಟೇ ಬೇಕಾಗಿದ್ದದ್ದು. ಯಂತ್ರ ಅಲ್ಲ, ನಮ್ಮ ನಾಚಿಕೆ ಗೊತ್ತಿರುವ ಒಬ್ಬ ಹೆಣ್ಣುಮಗಳು.

ನೀವು ಆ ಹೆಣ್ಣುಮಗಳನ್ನು ಬಿಟ್ಟುಕೊಟ್ಟಿರಿ. ದೊಡ್ಡ ಕಾಯಿಲೆ ಬಂದರೆ ದೊಡ್ಡ ಊರಿಗೆ ಹೋಗಬೇಕು ಎಂದು ನಂಬಿದಿರಿ. ಪ್ಲಾಸ್ಟಿಕ್ ಚೀಲದಲ್ಲಿ ಸ್ಕ್ಯಾನಿನ ಫೈಲು ಹಿಡಿದು ಬಸ್ಸು ಹತ್ತಿದಿರಿ, ಆಸ್ಪತ್ರೆಯ ಮೆಟ್ಟಿಲ ಮೇಲೆ ಪೇಪರ್ ಹಾಸಿ ಊಟ ಮಾಡಿದಿರಿ, ಪರವೂರಿನ ಲಾಡ್ಜಿನಲ್ಲಿ ರೋಗಿಯ ಬಟ್ಟೆ ಒಗೆದು ಕಿಟಕಿಗೆ ಒಣಹಾಕಿದಿರಿ. ಇದು ನ್ಯಾಯವಲ್ಲ ಎಂದು ಯಾಕೆ ಒಬ್ಬರೂ ಗಟ್ಟಿಯಾಗಿ ಹೇಳಲಿಲ್ಲ? ಹೋಗಿ ಬಂದವರು ಹೆಮ್ಮೆಯಿಂದ ಆಸ್ಪತ್ರೆಯ ಮಹಡಿಗಳನ್ನು ಎಣಿಸಿ ಹೇಳಿದಿರಿ. ನೀವು ಒಂದು ರಾತ್ರಿಯ ದೂರವನ್ನು ಒಪ್ಪಿಕೊಂಡದ್ದಕ್ಕೆ ನಿಮ್ಮ ಮಕ್ಕಳು ಒಂದು ದಿನವನ್ನು ಒಪ್ಪಿಕೊಂಡರು, ಅವರ ಮಕ್ಕಳು ಎರಡನ್ನು. ನಮ್ಮ ಪಾಲಿಗೆ ಮೂರು ಬಂತು.

ಆಪರೇಷನ್ ಆದವರನ್ನು ಮಾತುಮನೆ ಎಂಬಲ್ಲಿ ನಲವತ್ತು ದಿನ ಇಟ್ಟುಕೊಳ್ಳುತ್ತಾರೆ. ಅವ್ವನ ಬಲಗೈ ಸೋತಿತ್ತು. ರಬ್ಬರಿನ ಚೆಂಡು ಹಿಸುಕಲು ಕೊಟ್ಟರು, ಅವಳು ನಾಲ್ಕೇ ದಿನಕ್ಕೆ ಬೇಸತ್ತಳು. ಜೋಳದ ಹಿಟ್ಟು ಕೊಟ್ಟಿದ್ದರೆ ದಿನವಿಡೀ ನಾದುತ್ತಿದ್ದಳು, ಎಷ್ಟು ಬೇಡಿಕೊಂಡರೂ ಕೊಡಲಿಲ್ಲ. ಸಪ್ಪೆ ಗಂಜಿ ಇಳಿಯದೆ ಸೊರಗಿದಳು. ಅವಳ ಜೊತೆ ಮಾತಾಡಲು ನನ್ನ ಬಿಟ್ಟರೆ ಯಾರೂ ಇರಲಿಲ್ಲ, ನನಗೋ ಮೂವತ್ತು ದಿನಕ್ಕೆ ಮಾತು ಖಾಲಿ. ಊರಿಗೆ ಬಂದ ಮೇಲೆ ಓಣಿಯವರೆಲ್ಲ ಸುತ್ತ ಕೂತು ಹರಟಿದರು. ಒಂದೇ ವಾರದಲ್ಲಿ ಅವಳ ನಾಲಿಗೆ ಮೊದಲಿನಂತಾಯಿತು. ಬಲಗೈ ಇನ್ನೂ ಅಷ್ಟಕ್ಕಷ್ಟೆ.

ಉಳಿದ ತುಂಡು ಬೆಳೆಯುತ್ತಿದೆ. ಒಂಬತ್ತು ತಿಂಗಳೊಳಗೆ ಮತ್ತೆ ತೆರೆಯದಿದ್ದರೆ ಮೊದಲು ಮಾತು ಹೋಗುತ್ತದೆ, ಆಮೇಲೆ ಅವಳೇ ಹೋಗುತ್ತಾಳೆ ಎಂದು ತಲೆಯೂರಿನವರು ಬರೆದು ಕಳಿಸಿದ್ದಾರೆ. ಈ ಸಲ ಪ್ರಶ್ನೆ ಬದಲಾಯಿಸುತ್ತೇವೆ, ಹೊರಡು ಎಂದು ಅಪ್ಪ ಕಾಲು ಹಿಡಿಯುವುದೊಂದು ಬಾಕಿ. ಅವ್ವ ಜಗ್ಗುವುದಿಲ್ಲ. "ಇಲ್ಲೇ ಆಗೂದಿದ್ರ ಮಾಡಸ್ರಿ. ಅಷ್ಟ್ ದೂರ ನನ್ನ ಮತ್ತ ಒಯ್ಯಬ್ಯಾಡ್ರಿ" ಎನ್ನುತ್ತಾಳೆ. ಹಟ ಅಂದರೆ ಹಟ. ಅವಳ ಮೇಲೂ ನನಗೆ ಸಿಟ್ಟಿದೆ, ಆದರೆ ಅವಳು ಕೇಳುವುದರಲ್ಲಿ ತಪ್ಪೇನು ಎಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಆದ್ದರಿಂದ ಇದು ದೂರಲ್ಲ, ಬೇಡಿಕೆ. ನಮ್ಮ ತಾಲ್ಲೂಕು ಆಸ್ಪತ್ರೆಯ ಹಿಂದೆ ಒಂದು ಖಾಲಿ ಜಾಗ ಇದೆ, ಜಾಲಿ ಬೆಳೆದು ಹಾಳು ಬಿದ್ದಿದೆ. ನಿಮ್ಮ ಕಾಲದಲ್ಲೂ ಖಾಲಿಯೇ ಇತ್ತು ಎಂದು ಹಳೆಯ ನಕ್ಷೆಯಲ್ಲಿ ನೋಡಿದ್ದೇನೆ. ಅಲ್ಲಿ ಕಟ್ಟಿಸಿ. ಕೇಳಿ, ಜಗಳವಾಡಿ, ರಸ್ತೆಗೆ ಅಡ್ಡ ಕೂತುಕೊಳ್ಳಿ, ಏನಾದರೂ ಮಾಡಿ. ನಮ್ಮ ಹತ್ತಿರ ಒಂಬತ್ತು ತಿಂಗಳಿದೆ. ನಿಮ್ಮ ಹತ್ತಿರ ನೂರ ಅರವತ್ತು ವರ್ಷ ಇದೆ. ನೀವು ಈ ಪತ್ರ ಓದಿ ಎದ್ದು ನಿಂತಿದ್ದೇ ಆದರೆ ಆ ಕಟ್ಟಡ ಅಲ್ಲಿ ಆಗಲೇ ಇರಬೇಕು. ನಾಳೆ ಬೆಳಿಗ್ಗೆ ಬಿಸಿಲೇರುವ ಮೊದಲು ಅವ್ವನ ಕೈ ಹಿಡಿದುಕೊಂಡು ಅಲ್ಲಿಗೆ ಹೋಗುತ್ತೇನೆ. ಜಾಲಿಯೇ ಇದ್ದರೆ, ನೀವು ಓದಿಯೂ ಸುಮ್ಮನಿದ್ದಿರಿ ಎಂದು ಅವಳಿಗೆ ಹೇಳುತ್ತೇನೆ.

ಇಂತಿ,
ಸುವರ್ಣಾ ಅಮರಪ್ಪ